ಎಡ, ಒಳಗೆ ಮೂರು

ಐಸ್ ಸ್ಕೇಟಿಂಗ್ ರಿಂಕಿನ ಗ್ಯಾಲರಿ ಮೆಟ್ಟಿಲುಗಳ ಅಡಿಯಲ್ಲಿ, ಬೇರೆ ಕಡೆಯಾಗಿದ್ದರೆ ಪೊರಕೆ, ಬಕೆಟ್ಟು ಇಡುತ್ತಿದ್ದ ಮೂಲೆಯಲ್ಲಿ, ಸ್ಕ್ರೂ ಅಕ್ಕನ ಅಂಗಡಿ ಇದೆ. ಅಂಗಡಿ ಅಂದರೆ ದೊಡ್ಡ ಮಾತಾಯಿತು. ಒಂದು ಮರದ ಮೇಜು, ಗೋಡೆಗೆ ತೂಗುಹಾಕಿದ ಹತ್ತಾರು ಸ್ಕ್ರೂಡ್ರೈವರು, ಎರಡು ಸ್ಟೂಲು, ಐಸು ಕಾಣುವ ಹಾಗೆ ಒಂದು ಕಿಟಕಿ, ಅಷ್ಟೇ. ಮೆಟ್ಟಿಲಿನ ಇಳಿಜಾರೇ ಸೂರು. ಒಳಗೆ ಬರುವವರು ಬಗ್ಗಿಯೇ ಬರಬೇಕು, ಇಲ್ಲದಿದ್ದರೆ ಹಣೆಗೆ ಠಣ್ ಎಂದು ಬಡಿಯುತ್ತದೆ. ಅಕ್ಕ ಮಾತ್ರ ಕುಳ್ಳಿ, ನೆಟ್ಟಗೆ ಓಡಾಡುತ್ತಾಳೆ. “ನನ್ನ ಅಂಗಡೀಲಿ ನನ್ನೊಬ್ಬಳನ್ನ ಬಿಟ್ಟು ಎಲ್ಲರೂ ತಲೆ ತಗ್ಗಿಸ್ಬೇಕು” ಎಂದು ಹೇಳಿ ತಾನೇ ಮೊದಲು ನಗುತ್ತಾಳೆ. ಇಪ್ಪತ್ತಾರು ವರ್ಷದಿಂದ ಅದೇ ಮಾತು, ಅದೇ ನಗು. ಕೇಳಿ ಕೇಳಿ ನಮಗೇ ಸಾಕಾಗಿದೆ, ಅವಳಿಗೆ ಸಾಕಾಗಿಲ್ಲ.

ಐಸಿನ ಮೇಲೆ ಹಾರುವವರನ್ನು, ಬುಗುರಿಯ ಹಾಗೆ ತಿರುಗುವವರನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಅವರ ಬೂಟು ಬೇರೆ, ಅಡಿಯ ಬ್ಲೇಡು ಬೇರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬೂಟು ಚರ್ಮದ್ದು, ಬ್ಲೇಡು ಉಕ್ಕಿನದು. ಎರಡನ್ನೂ ಹೊಂದಿಸಿ ಸ್ಕ್ರೂ ಹಾಕುವುದಕ್ಕೆ ಒಬ್ಬರು ಬೇಕು. ಬ್ಲೇಡು ಸವೆದರೆ, ಇಲ್ಲವೇ ಆಡುವವರು ಮುಂದಿನ ಹಂತಕ್ಕೆ ಹೋಗಿ ಇನ್ನೂ ಒಳ್ಳೆಯ ಬ್ಲೇಡು ತಂದರೆ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು. “ಅದೇನು ಮಹಾ, ನಾಲ್ಕು ಸ್ಕ್ರೂ ತಾನೇ” ಎಂದು ಯಾರಾದರೂ ಬಾಯಿ ಜಾರಿದರೆ ಮುಗಿಯಿತು, ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಬ್ಲೇಡು ಒಂದು ಕಾಳಿನಷ್ಟು ಒಳಕ್ಕೆ ಸರಿದರೆ ಇಡೀ ಮೈ ಹೊರಕ್ಕೆ ವಾಲುತ್ತದೆ, ಹೊರಕ್ಕೆ ಸರಿದರೆ ಒಳಕ್ಕೆ. ಅವಳು ಸುಮ್ಮನೆ ಕೋಪಿಸಿಕೊಳ್ಳುವುದಿಲ್ಲ.

ಮೊದಲು ಅವಳು ಷೂ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುತ್ತಿದ್ದಳು. ಹನ್ನೊಂದು ವರ್ಷ ಹೊಲಿದ ಮೇಲೆ ಒಂದು ದಿನ ಗೇಟಿಗೆ ಬೀಗ ಬಿತ್ತು. ರಿಂಕಿನಲ್ಲಿ ಬೂಟು ರಿಪೇರಿ ಮಾಡುತ್ತಿದ್ದ ಮುದುಕ ಯಜಮಾನರು, ಕೈ ನಡುಗಲು ಶುರುವಾಗಿದ್ದರಿಂದ, ಇವಳನ್ನು ಕರೆದುಕೊಂಡರು. ಎರಡು ತಿಂಗಳು ಬರೀ ಹಾಳು ಅಟ್ಟೆಗಳಿಗೆ ತೂತು ಕೊರೆಸಿದರು. ತೂತು ಒಂದು ಕೂದಲಷ್ಟು ಓರೆಯಾದರೂ “ಇನ್ನೊಂದು” ಎನ್ನುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೇ ವಾಸಿಯಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಅವರಿಂದ ಬಂದ ಒಂದು ಪದ್ಧತಿ ಅವಳ ಕೈಯಲ್ಲಿ ಉಳಿದುಬಿಟ್ಟಿದೆ. ಬ್ಲೇಡು ಕೂರಿಸುವ ಮೊದಲು ಅಟ್ಟೆಯ ಮೇಲೆ, ಬ್ಲೇಡಿನ ತಟ್ಟು, ಅಂದರೆ ಬೂಟಿಗೆ ಅಂಟಿ ಕೂರುವ ಚಪ್ಪಟೆ ತಗಡು, ಮುಚ್ಚಿಕೊಳ್ಳುವ ಜಾಗದಲ್ಲಿ, ಪೆನ್ಸಿಲಿನಿಂದ ತಾರೀಕು ಬರೆಯಬೇಕು. ಬ್ಲೇಡನ್ನು ನಡುಗೆರೆಯಿಂದ ಎಷ್ಟು ಸರಿಸಿದೆವು ಎಂದು ಬರೆಯಬೇಕು. ಕೆಳಗೆ ತನ್ನ ಗುರುತು ಹಾಕಬೇಕು. ಮುದುಕರದು ಒಂದು ಸೊನ್ನೆ. ಅಕ್ಕನದು ಒಂದು ಕೊಕ್ಕೆ, ಅಂಗಿ ನೇತುಹಾಕುವ ಕೊಕ್ಕೆಯ ಹಾಗೆ. ಬ್ಲೇಡು ಕೂತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಪದ್ಧತಿ ಕೊನೆಯ ಸ್ಕ್ರೂಗಳದು. ಬ್ಲೇಡಿನ ತಟ್ಟಿನಲ್ಲಿ ಎರಡು ಥರ ತೂತುಗಳಿರುತ್ತವೆ, ಉದ್ದನೆಯವು ಮತ್ತು ಗುಂಡಗಿನವು. ಮೊದಲು ಉದ್ದ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿ ಕಳಿಸುತ್ತಾಳೆ. ಒಂದು ವಾರ ಆಡಿ ಬನ್ನಿ ಎನ್ನುತ್ತಾಳೆ. ಆ ವಾರವೆಲ್ಲ ಕಿಟಕಿಯಿಂದ ನೋಡುತ್ತಿರುತ್ತಾಳೆ, ಕಾಲು ಎತ್ತ ವಾಲುತ್ತದೆ, ಹೆಗಲು ಎತ್ತ ಇಳಿಯುತ್ತದೆ ಎಂದು. ಬೇಕಾದರೆ ಸ್ಕ್ರೂ ಸಡಿಲಿಸಿ ಬ್ಲೇಡನ್ನು ಅತ್ತಿತ್ತ ಸರಿಸುತ್ತಾಳೆ. ಮನಸ್ಸಿಗೆ ಒಪ್ಪಿದ ಮೇಲೆಯೇ ಗುಂಡು ತೂತುಗಳಿಗೆ ಕೊನೆಯ ಸ್ಕ್ರೂ. ಅದಾದ ಮೇಲೆ ಬ್ಲೇಡು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಹೀಗೆ ಸಾವಿರಾರು ಜೋಡಿ ಕೂರಿಸಿದ್ದಾಳೆ. “ಒಂದೂ ತಪ್ಪಿಲ್ಲ” ಎಂಬುದು ಅವಳ ಎರಡನೆಯ ಮಾತು. ಅದನ್ನು ಮಾತ್ರ ನಗದೆ ಹೇಳುತ್ತಿದ್ದಳು.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ.

ಆಸ್ಪತ್ರೆ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಎಂಟು ವರ್ಷದ ಹಿಂದೆ ತಮ್ಮನ ಮಗಳನ್ನು ಸ್ಕೇಟಿಂಗಿಗೆ ಸೇರಿಸಲು ಕರೆದುಕೊಂಡು ಬಂದಿದ್ದಳು. ಹುಡುಗಿ ಮೂರೇ ದಿನಕ್ಕೆ ಕೈ ಎತ್ತಿದಳು. ಅತ್ತೆ ಉಳಿದುಕೊಂಡಳು! ಆಗ ಅವಳಿಗೆ ನಲವತ್ತನಾಲ್ಕು. ಹುಡುಗಿ ಅತ್ತೆ ಅತ್ತೆ ಎಂದು ಕೂಗಿದ್ದನ್ನು ಕೇಳಿ ರಿಂಕಿಗೆ ರಿಂಕೇ ಅತ್ತೆ ಎನ್ನಲು ಶುರುಮಾಡಿತು. ಅವಳಿಗಿಂತ ಆರು ವರ್ಷ ದೊಡ್ಡವಳಾದ ಸ್ಕ್ರೂ ಅಕ್ಕನಿಗೂ ಅವಳು ಅತ್ತೆಯೇ, ತರಬೇತಿ ಕೊಡುವ ಮೇಷ್ಟ್ರಿಗೂ ಅತ್ತೆಯೇ.

ಈ ಅತ್ತೆ ದೊಡ್ಡವರಿಗೆಂದು ಇರುವ ಮೊದಲ ಪರೀಕ್ಷೆಯಲ್ಲಿ ಮೂರು ಸಲ ಕೂತು ಮೂರು ಸಲವೂ ನಪಾಸಾಗಿದ್ದಳು. ಮೂರು ಸಲವೂ ಒಂದೇ ಕಡೆ. ಬ್ಲೇಡಿನ ತಳದಲ್ಲಿ ಸಣ್ಣ ಕಾಲುವೆಯಂಥ ಗೆರೆ ಇರುತ್ತದೆ, ಅದರ ಎರಡು ಕಡೆ ಎರಡು ಅಂಚು, ಒಳ ಅಂಚು ಮತ್ತು ಹೊರ ಅಂಚು. ಯಾವ ಅಂಚಿನ ಮೇಲೆ ವಾಲುತ್ತೀರೋ ಆ ಕಡೆಗೆ ಬಳಸಿಕೊಂಡು ಹೋಗುತ್ತೀರಿ. ಎಡಗಾಲ ಒಳ ಅಂಚಿನ ಮೇಲೆ ಅರ್ಧ ಸುತ್ತು ಬರಬೇಕು, ಅಷ್ಟೇ. ಅತ್ತೆಗೆ ಉಳಿದದ್ದೆಲ್ಲ ಬರುತ್ತಿತ್ತು, ಅದೊಂದು ಬರುತ್ತಿರಲಿಲ್ಲ. ಎರಡು ಮಾರು ಹೋಗುವಷ್ಟರಲ್ಲಿ ಎಡಗಾಲು ಹೊರಕ್ಕೆ ಎಳೆದುಕೊಂಡು ಹೋಗುತ್ತಿತ್ತು. “ವಯಸ್ಸಾಯ್ತಲ್ಲ ಅತ್ತೆ, ಮಂಡಿ ಮಾತು ಕೇಳಲ್ಲ” ಎಂದಿದ್ದರು ಮೇಷ್ಟ್ರು. ಅತ್ತೆ ನಂಬಿದಳು. ಮಂಡಿಗೆ ಎಣ್ಣೆ ತಿಕ್ಕಿದಳು, ಪಟ್ಟಿ ಕಟ್ಟಿದಳು, ದಿನಾ ಬೆಳಿಗ್ಗೆ ಮಂಡಿಯನ್ನು ಬೈದಳು.

ಒಂದು ಮಧ್ಯಾಹ್ನ ಅವಳು ಬಗ್ಗಿ ಅಂಗಡಿಯೊಳಗೆ ಬಂದಳು. ಒಂದು ಕೈಯಲ್ಲಿ ಹಳೆಯ ಬೂಟು, ಇನ್ನೊಂದು ಕೈಯಲ್ಲಿ ಹೊಸ ಬ್ಲೇಡಿನ ಡಬ್ಬ.

“ಸಾಣೆ ಹಿಡಿಯೋರು ಕೈ ಬಿಟ್ರು ಅಕ್ಕ. ಇನ್ನು ಉಜ್ಜೋಕೆ ಉಕ್ಕೇ ಉಳಿದಿಲ್ವಂತೆ. ಅದಕ್ಕೆ ಹೊಸದು ತಂದೆ, ಒಂದು ಮೆಟ್ಟಿಲು ಮೇಲಿಂದು.”

ಅಕ್ಕ ಡಬ್ಬ ತೆರೆದಳು. ಹಾರುವಾಗ ಐಸಿಗೆ ಊರುವ ಮುಂತುದಿಯ ಹಲ್ಲುಗಳು ಹಳೆಯದಕ್ಕಿಂತ ದೊಡ್ಡವು, ಉಕ್ಕು ದಪ್ಪ, ಬೆಳಕಿಗೆ ಹಿಡಿದರೆ ಒಂದು ಮಚ್ಚೆಯಿಲ್ಲ. “ಅಬ್ಬಾ, ಒಳ್ಳೆ ಮಾಲು!”

“ಇನ್ನು ಮೂರು ವಾರಕ್ಕೆ ಪರೀಕ್ಷೆ. ಇದೇ ಕೊನೆ. ಈ ಸಲಾನೂ ಹೋದ್ರೆ ಬೂಟು ಯಾರಿಗಾದ್ರೂ ಕೊಟ್ಟು ಸುಮ್ನೆ ಮನೇಲಿರ್ತೀನಿ. ಸೋತ್ರೂ ಹೊಸ ಬ್ಲೇಡಲ್ಲೇ ಸೋಲೋಣ ಅಂತ.”

“ಬಿಡ್ತು ಅನ್ನಿ! ನನ್ನ ಮೇಜಿನ ಮೇಲೆ ಸೋಲೋ ಮಾತು ಆಡ್ಬೇಡಿ. ಸಾಕ್ಸ್ ತೆಗೀರಿ.”

ಇದು ಅಕ್ಕ ಆರು ವರ್ಷದಿಂದೀಚೆಗೆ ತಾನೇ ಕಂಡುಕೊಂಡ ಉಪಾಯ. ಬರಿಗಾಲನ್ನು ಒದ್ದೆ ಬಟ್ಟೆಯ ಮೇಲೆ ಒತ್ತಿಸಿ, ಕಂದು ಕಾಗದದ ಮೇಲೆ ನಿಲ್ಲಿಸುತ್ತಾಳೆ. ಒದ್ದೆ ಗುರುತು ಆರುವ ಮೊದಲು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ಕಾಲು ಒಳಕ್ಕೆ ಕುಸಿಯುತ್ತದೋ ಇಲ್ಲವೋ ಕಾಗದವೇ ಹೇಳುತ್ತದೆ. ಅತ್ತೆಯ ಎಡಗಾಲು ಬಲಗಾಲು ಎರಡೂ ಅಚ್ಚುಕಟ್ಟಾಗಿ ಒಂದೇ ಥರ ಮೂಡಿದವು. ಇಷ್ಟು ನೆಟ್ಟಗಿನ ಕಾಲು ಅಕ್ಕ ಈಚೆಗೆ ನೋಡಿರಲಿಲ್ಲ. ಅತ್ತೆ ಬೂಟು ಬಿಟ್ಟು ಕ್ಯಾಂಟೀನಿಗೆ ಓಡಿದಳು.

ಅಕ್ಕ ಬಲಗಾಲ ಬ್ಲೇಡು ಬಿಚ್ಚಿದಳು. ಕೆಳಗೆ ಎಂಟು ವರ್ಷದ ಹಿಂದಿನ ತಾರೀಕು, ಕೊಕ್ಕೆ, “ಬಲ, ನೆಟ್ಟಗೆ.” ತನ್ನದೇ ಕೈಬರಹ ನೋಡಿ ಹಳೆಯ ಗೆಳತಿ ಸಿಕ್ಕಷ್ಟು ಖುಷಿಯಾಯಿತು. ಎಡಗಾಲ ಬ್ಲೇಡು ಬಿಚ್ಚಿದಳು. ತಾರೀಕು, ಕೊಕ್ಕೆ, ಮತ್ತು “ಎಡ, ಒಳಗೆ ೩.”

ಒಳಗೆ ಮೂರು. ಅಂದರೆ ನಡುಗೆರೆಯಿಂದ ಮೂರು ಮಿಲಿಮೀಟರ್ ಒಳಕ್ಕೆ ಸರಿಸಿದ್ದಾಳೆ. ಒಳಕ್ಕೆ ಕುಸಿಯುವ ಕಾಲಿಗೆ ಮಾಡುವ ಕೆಲಸ ಅದು, ಹಾಗೆ ಮಾಡಿದರೆ ಕಾಲು ಹೊರಕ್ಕೆ ಎದ್ದು ನಿಲ್ಲುತ್ತದೆ. ಆದರೆ ಈ ಕಾಲು ಕುಸಿಯುವುದೇ ಇಲ್ಲ. ಕಾಗದವನ್ನು ಮತ್ತೆ ನೋಡಿದಳು. ಹಳೆಯ ಬ್ಲೇಡನ್ನು ತಿರುಗಿಸಿ ನೋಡಿದಳು, ಹೊರ ಅಂಚು ತೇದು ಹೋಗಿದೆ, ಒಳ ಅಂಚು ಐಸನ್ನೇ ಕಂಡಿಲ್ಲ ಎನ್ನುವ ಹಾಗಿದೆ. ಮಂಡಿಯೂ ಅಲ್ಲ, ವಯಸ್ಸೂ ಅಲ್ಲ. ಎಂಟು ವರ್ಷದಿಂದ ಆ ಹೆಂಗಸನ್ನು ಹೊರಕ್ಕೆ ತಳ್ಳುತ್ತಿದ್ದದ್ದು ಈ ಕೊಕ್ಕೆ.

ಅಕ್ಕನ ಗಂಡ ಎದುರು ಸ್ಟೂಲಿನಲ್ಲಿ ಕೂತು ಮರದ ಗೂಟ ಕೆತ್ತುತ್ತಿದ್ದ. ಬಸ್ ಕಂಡಕ್ಟರಾಗಿ ರಿಟೈರಾದವನು. ಹಳೆಯ ಸ್ಕ್ರೂ ತೂತುಗಳಿಗೆ ಅಂಟು ಸವರಿ ಹೊಡೆಯುವ ಕಡ್ಡಿಯಷ್ಟು ಸಣ್ಣ ಗೂಟಗಳನ್ನು ಅವನೇ ಕೆತ್ತಿಕೊಡುವುದು. ಹೆಂಡತಿ ಎರಡು ನಿಮಿಷ ಸುಮ್ಮನಿದ್ದಾಳೆ ಎಂದರೆ ಏನೋ ಆಗಿದೆ ಎಂದು ಅವನಿಗೆ ಗೊತ್ತು.

“ಏನಾಯ್ತೇ?”

ತೋರಿಸಿದಳು. ಅವನು ಬೂಟನ್ನು ಹತ್ತಿರ ಹಿಡಿದು ಓದಿದ. “ಇಷ್ಟೇ ತಾನೇ? ಮರಳು ಕಾಗದ ತಗೊಂಡು ಒಂದ್ಸಲ ಉಜ್ಜು, ಹೋಯ್ತು. ಹೊಸ ಬ್ಲೇಡು ನೆಟ್ಟಗೆ ಕೂರಿಸು. ಆಟ ಸರಿಹೋದ್ರೆ ಹೊಸ ಬ್ಲೇಡಿನ ಮಹಿಮೆ ಅನ್ನು. ಅವರಿಗೂ ಖುಷಿ, ನಿನಗೂ ಹೆಸರು.”

ಮರಳು ಕಾಗದ ಕೈಯಳತೆಯಲ್ಲೇ ಇತ್ತು. ಅಕ್ಕ ಅದನ್ನು ಎತ್ತಿಕೊಂಡಳು ಕೂಡ. ಸುಳ್ಳು ಯಾಕೆ ಹೇಳಲಿ, ಎತ್ತಿಕೊಂಡು, ಮಡಚಿ, ಆ ಕೊಕ್ಕೆಯ ಮೇಲೆ ಇಟ್ಟಳು. ಇಪ್ಪತ್ತಾರು ವರ್ಷ, ಒಂದೂ ತಪ್ಪಿಲ್ಲ. ಎರಡು ಉಜ್ಜಿಗೆ ಆ ಮಾತು ಹಾಗೆಯೇ ಉಳಿಯುತ್ತಿತ್ತು.

“ಹಂಗೆ ಮಾಡಿದ್ರೆ ಆ ಮೂರು ಸಲ ನಪಾಸಾಗಿದ್ದು ಯಾರ ತಲೆ ಮೇಲೆ ಬರುತ್ತೆ?” ಎಂದಳು.

“ಯಾರ ತಲೆ ಮೇಲೂ ಇಲ್ಲ.”

“ಅವರ ಮಂಡಿ ತಲೆ ಮೇಲೆ ಉಳಿಯುತ್ತೆ ಕಣ್ರೀ. ಪಾಪ, ಆ ಮಂಡಿ ಏನು ಮಾಡಿತ್ತು?”

“ಮಂಡಿಗೆ ತಲೆ ಬೇರೆ ಬಂತಾ” ಎಂದು ಗೊಣಗಿ ಗಂಡ ಮತ್ತೆ ಕೆತ್ತಲು ಕೂತ. ಅಕ್ಕ ಮರಳು ಕಾಗದವನ್ನು ಡ್ರಾಯರಿಗೆ ಎಸೆದಳು.

ಮರುದಿನ ಅತ್ತೆ ಕೆಲಸ ಮುಗಿಸಿ ಬಂದಾಗ ಅಕ್ಕ ಬೂಟನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕಾಗದ ಹರಡಿಕೊಂಡು ಕೂತಿದ್ದಳು. ಅಲ್ಲಿ ಇಲ್ಲಿ ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುವುದಿಲ್ಲ. ಬೆರಳಿಟ್ಟು ತೋರಿಸಿ ಎಲ್ಲ ಹೇಳಿದಳು. ಹೇಳಿ, “ಆದ್ರೆ ನಾನು ಸುಮ್‌ಸುಮ್ನೆ ಸರಿಸೋಳಲ್ಲ ಅತ್ತೆ. ಆ ವಾರ ನಿಮ್ಮ ಎಡಗಾಲು ಒಳಕ್ಕೆ ಬೀಳ್ತಿತ್ತು, ನಾನೇ ಕಣ್ಣಾರೆ ನೋಡಿದ್ದೆ. ಯಾಕೆ ಬೀಳ್ತಿತ್ತು?” ಎಂದು ಕೇಳಿದಳು.

ಅತ್ತೆ ತನ್ನ ಎಡಗಾಲನ್ನು ಬಗ್ಗಿ ನೋಡಿದಳು. ಆಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಬೊಬ್ಬೆ!”

“ಏನು?”

“ಬೊಬ್ಬೆ ಎದ್ದಿತ್ತು ಅಕ್ಕ. ಕಿರುಬೆರಳ ಪಕ್ಕದಲ್ಲಿ, ಹೊಸ ಬೂಟು ಕಚ್ಚಿ. ಜೀವ ಹೋಗೋವಷ್ಟು ನೋವು. ಒಂದು ಉಂಡೆ ಹತ್ತಿ ತುರುಕ್ಕೊಂಡು, ಆ ಕಡೆ ಭಾರ ಬಿಡದೆ ಆಡ್ತಿದ್ದೆ. ಹೇಳಿದ್ರೆ ಎಲ್ಲಿ ಮನೆಗೆ ಕಳಿಸ್ತಾರೋ ಅಂತ ಭಯ. ನಲವತ್ತನಾಲ್ಕು ವರ್ಷದ ಹೆಂಗಸು ಬೊಬ್ಬೆಗೆ ಅಳ್ತಾಳೆ ಅಂತ ಚಿಕ್ಕ ಮಕ್ಕಳೆಲ್ಲ ನಗ್ತಿದ್ರಲ್ವಾ?”

“ಎಷ್ಟು ದಿನಕ್ಕೆ ವಾಸಿಯಾಯ್ತು?”

“ಹತ್ತು ದಿನ.”

ಬೊಬ್ಬೆ ಹತ್ತು ದಿನಕ್ಕೆ ಹೋಯಿತು, ಅದನ್ನು ನೋಡಿ ಕೂರಿಸಿದ ಬ್ಲೇಡು ಎಂಟು ವರ್ಷ ನಿಂತಿತು. ಸ್ಕ್ರೂ ಅಕ್ಕ ಕಾಲು ನೋಡಿ ಅಲ್ಲ, ಹತ್ತಿಯ ಉಂಡೆ ನೋಡಿ ಬ್ಲೇಡು ಕೂರಿಸಿದ್ದಳು!

ಅತ್ತೆಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಕಣ್ಣು ತುಂಬಿತು, ಆಮೇಲೆ ಧ್ವನಿ ಗಟ್ಟಿಯಾಯಿತು. “ಎಂಟು ವರ್ಷ, ಅಕ್ಕ! ಎಷ್ಟು ಎಣ್ಣೆ ತಿಕ್ಕಿದ್ದೀನಿ ಗೊತ್ತಾ? ‘ದರಿದ್ರ ಮಂಡಿ’ ಅಂತ ದಿನಾ ಶಾಪ ಹಾಕಿದ್ದೀನಿ. ನಾನು ಕೈಲಾಗದೋಳು ಅಂತ ನಾನೇ ತೀರ್ಮಾನ ಮಾಡ್ಬಿಟ್ಟಿದ್ದೆ. ನೀವಾದ್ರೂ ಒಂದು ಮಾತು ಕೇಳ್ಬಾರದಿತ್ತಾ, ಕಾಲಿಗೇನಾಗಿದೆ ಅಂತ?”

“ಕೇಳ್ಬೇಕಿತ್ತು” ಎಂದಳು ಅಕ್ಕ. “ಕೇಳ್ಲಿಲ್ಲ. ನೋಡಿದ್ರೆ ಸಾಕು, ಎಲ್ಲ ಗೊತ್ತಾಗುತ್ತೆ ಅನ್ನೋ ಸೊಕ್ಕು ನನಗೆ. ತಪ್ಪಾಯ್ತು ಅತ್ತೆ.”

ಮೆಟ್ಟಿಲಿನ ಸೂರು ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಆದರೂ ಅವತ್ತು ಆ ಅಂಗಡಿಯಲ್ಲಿ ಅವಳ ತಲೆ ತಗ್ಗಿತ್ತು. ಅತ್ತೆ ಮೂಗು ಒರೆಸಿಕೊಂಡು, ಸಿಟ್ಟಿನಲ್ಲಿ ಎದ್ದು ನಿಂತು, ಹಣೆ ಬಡಿಸಿಕೊಂಡು, “ಅಯ್ಯೋ, ಇದೊಂದು ಬಾಕಿ ಇತ್ತು!” ಎಂದಳು. ಗಂಡ ಓಡಿಹೋಗಿ ರಿಂಕಿನ ಅಂಚಿನಿಂದ ಒಂದು ಹಿಡಿ ಐಸು ತಂದುಕೊಟ್ಟ. ಹಣೆಗೆ ಐಸು ಒತ್ತಿಕೊಂಡೇ ಅತ್ತೆ ಹೇಳಿದಳು, “ಕೂರಿಸಿ. ನೆಟ್ಟಗೆ ಕೂರಿಸಿ. ನಾನೂ ಒಂದು ಕೈ ನೋಡೇಬಿಡ್ತೀನಿ.”

ಆ ಜೋಡಿಯನ್ನು ಅಕ್ಕ ಕೂರಿಸಿದ ರೀತಿಯನ್ನು ನೋಡಬೇಕಿತ್ತು. ಹಳೆಯ ತೂತು ಮತ್ತು ಹೊಸ ತೂತು ಮೂರೇ ಮಿಲಿಮೀಟರ್ ದೂರ, ಹಾಗೇ ಕೊರೆದರೆ ಎರಡೂ ಒಂದಾಗಿ ಸ್ಕ್ರೂಗೆ ಹಿಡಿತವೇ ಸಿಕ್ಕುವುದಿಲ್ಲ. ಗಂಡ ಕೆತ್ತಿದ ಗೂಟಗಳಲ್ಲಿ ಆರನ್ನು ವಾಪಸ್ ಎಸೆದಳು, “ಬಸ್ ಟಿಕೆಟ್ ಹರಿದ ಹಾಗೆ ಹರಿದಿದ್ದೀರಿ” ಎಂದು. ಅವನು ಬಾಯಿ ಮುಚ್ಚಿಕೊಂಡು ಮತ್ತೆ ಕೆತ್ತಿದ. ಒಂದೊಂದು ತೂತಿಗೂ ಅಂಟು ತುಂಬಿ, ಗೂಟ ಹೊಡೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಉಳಿದ ತುದಿಯನ್ನು ಅಟ್ಟೆಗೆ ಸಮನಾಗಿ ಕೊಯ್ದಳು. ಹಿಮ್ಮಡಿಯ ನಡುವಿನಿಂದ ಬೆರಳುಗಳ ನಡುವಿಗೆ ದಾರ ಹಿಡಿದು ಗೆರೆ ಎಳೆದಳು. ಅಳೆದಳು, ಅಳಿಸಿದಳು, ಮತ್ತೆ ಅಳೆದಳು. ತೂತು ಕೊರೆದಾಗ ಎದ್ದ ಪುಡಿಯನ್ನು ಊದಿ, ನೀರು ಇಳಿಯದಂತೆ ಮೇಣ ಸವರಿ, ಉದ್ದ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿದಳು. ಹಳೆಯ ಬರಹವನ್ನು ಉಜ್ಜಲಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡಿರಾ? ಎಲ್ಲಿ ಸರಿಹೋಗುತ್ತದೆ! ನೆಟ್ಟಗಿನ ಬ್ಲೇಡಿನ ಮೇಲೆ ಅತ್ತೆ ಆಗ ತಾನೇ ಅಂಬೆಗಾಲು ಬಿಟ್ಟ ಮಗುವಿನ ಹಾಗಾದಳು. ಎಂಟು ವರ್ಷ ಬ್ಲೇಡು ಹೊರಕ್ಕೆ ತಳ್ಳುತ್ತಿತ್ತು, ಅವಳು ಮಂಡಿಯನ್ನು ಒಳಕ್ಕೆ ಎಳೆದು ಎಳೆದು ನಿಲ್ಲುತ್ತಿದ್ದಳು. ಈಗ ತಳ್ಳುವವರಿಲ್ಲ, ಎಳೆಯುವ ಅಭ್ಯಾಸ ಮಾತ್ರ ಉಳಿದಿದೆ. ಎಡಗಾಲು ಇಟ್ಟ ತಕ್ಷಣ ಮಂಡಿ ಒಳಕ್ಕೆ ಮಡಚಿ ಧೊಪ್ಪೆಂದು ಕೂರುತ್ತಿದ್ದಳು. ಬಂದವರಿಗೆಲ್ಲ ಅವಳನ್ನು ಎತ್ತಿ ನಿಲ್ಲಿಸುವುದೇ ಕೆಲಸವಾಯಿತು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಳು, ಒಂದೊಂದು ಸಲ ಅತ್ತೆ ಬಿದ್ದಾಗಲೂ ಸ್ಕ್ರೂಡ್ರೈವರ್ ಹಿಡಿದ ಕೈ ಬಿಗಿಯಾಗುತ್ತಿತ್ತು.

ಪರೀಕ್ಷೆಗೆ ಒಂಬತ್ತು ದಿನ ಉಳಿದಾಗ ಅತ್ತೆ ಬೂಟನ್ನು ಮೇಜಿನ ಮೇಲಿಟ್ಟಳು. ಮೊಣಕೈ ಕೆತ್ತಿಹೋಗಿತ್ತು.

“ಹಳೇ ಜಾಗಕ್ಕೇ ಹಾಕ್ಕೊಡಿ ಅಕ್ಕ. ಓರೆ ಇದ್ರೂ ನಿಲ್ಲೋಕಾದ್ರೂ ಬರ್ತಿತ್ತು.”

ಉದ್ದ ತೂತುಗಳಲ್ಲಿ ಬ್ಲೇಡನ್ನು ಅಷ್ಟು ಸರಿಸುವುದಕ್ಕೆ ಜಾಗವಿತ್ತು. ಅಕ್ಕನಿಗೆ ಒಂದು ನಿಮಿಷದ ಕೆಲಸ. ಬೂಟು ಅವರದು, ಕಾಲು ಅವರದು, ಬೇಡ ಎನ್ನಲು ತಾನು ಯಾರು? ಅದರಲ್ಲೂ ತಪ್ಪು ಮಾಡಿದವಳೇ ತಾನು.

“ಹಾಕ್ಕೊಡ್ತೀನಿ. ನಾಳೆ ಒಂದು ದಿನ ಟೈಮ್ ಕೊಡಿ” ಎಂದಳು. ಮರುದಿನ ಅಂಗಡಿಗೆ ಬೀಗ ಹಾಕಿ, ಊಟದ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಕ್ಯಾಂಟೀನಿಗೆ ಹೋಗಿ ಮೂಲೆಯ ಬೆಂಚಿನ ಮೇಲೆ ಕೂತಳು. ಯಾಕೆ ಹೋದಳು ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಅರ್ಧ ನೋಡಿದ್ದ ಕಾಲನ್ನು ಪೂರ್ತಿ ನೋಡಬೇಕು ಎನ್ನಿಸಿತ್ತು, ಅಷ್ಟೇ.

ಕ್ಯಾಂಟೀನು ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿತ್ತು. ನರ್ಸುಗಳು, ರೋಗಿಗಳ ಕಡೆಯವರು, ಒರೆಸಿ ಇನ್ನೂ ಒಣಗದ ನೆಲ. ಅಡುಗೆಮನೆಯ ಬಾಗಿಲನ್ನು ಬೆನ್ನಿನಿಂದ ದೂಡಿಕೊಂಡು ಅತ್ತೆ ಹೊರಬಂದಳು. ಎಡ ಅಂಗೈಯ ಮೇಲೆ ದೊಡ್ಡ ಟ್ರೇ, ಟ್ರೇ ಮೇಲೆ ಎಂಟು ಲೋಟ ಬಿಸಿ ಟೀ, ಅಂಚಿನವರೆಗೆ. ಅಕ್ಕ ನೋಡಿದಳು. ಅತ್ತೆ ಕುರ್ಚಿಗಳ ನಡುವೆ ನುಸುಳಿ, ಒಂದು ಮಗುವನ್ನು ದಾಟಿ, ಒದ್ದೆ ನೆಲದ ಮೇಲೆ ಅರ್ಧ ಸುತ್ತು ತಿರುಗಿ, ಮೇಜಿನ ಮುಂದೆ ನಿಂತಳು. ಒಂದು ತೊಟ್ಟು ಚೆಲ್ಲಲಿಲ್ಲ. ಸೊಂಟ ಸಮ, ಹೆಗಲು ಸಮ. ಮತ್ತು ಎಡ ಮಂಡಿ? ಎಡ ಮಂಡಿ ಪಾದದ ಮೇಲೆ ನೆಟ್ಟಗೆ ನಿಂತಿತ್ತು!

ಅಕ್ಕ ಬೆಂಚಿನಿಂದ ಎದ್ದು, “ಅತ್ತೇ, ಆ ಟ್ರೇ ನನಗೆ ಬೇಕು!” ಎಂದು ಕೂಗಿದಳು. ಇಡೀ ಕ್ಯಾಂಟೀನು ತಿರುಗಿ ನೋಡಿತು.

ಅವತ್ತು ಸಂಜೆ ಟ್ರೇ ರಿಂಕಿಗೆ ಬಂತು. ಕಾಗದದ ಲೋಟ ಎಂಟು, ಎಲ್ಲದರಲ್ಲೂ ನೀರು. ರಿಂಕಿನ ಕಾವಲಿನವನು ಸೀಟಿ ಊದಿಕೊಂಡು ಓಡಿಬಂದ. “ಐಸ್ ಮೇಲೆ ತಿಂಡಿ ತೀರ್ಥ ಇಲ್ಲ!”

“ತಿಂಡಿಯಲ್ಲಪ್ಪ, ಇದು ನನ್ನ ಅಳತೆ ಪಟ್ಟಿ” ಎಂದಳು ಅಕ್ಕ. “ನಿನ್ನ ಬೂಟಿಗೆ ಹೋದ ತಿಂಗಳು ಅಟ್ಟೆ ಹಾಕ್ಕೊಟ್ಟಿದ್ದು ಯಾರು? ಹೋಗಿ ಆ ಕಡೆ ಊದು.” ಅವನು ಆ ಕಡೆ ಹೋಗಿ ಊದಿದ.

ಮೊದಲ ಸುತ್ತಿನಲ್ಲಿ ಎಂಟು ಲೋಟವೂ ಐಸಿನ ಮೇಲೆ. ಎರಡನೆಯದರಲ್ಲೂ ಅಷ್ಟೇ. “ಆಟ ಆಡ್ಬೇಡಿ, ಟೀ ಕೊಡೋಕೆ ಹೋಗಿ!” ಎಂದು ಅಕ್ಕ ರಿಂಕಿನ ಅಂಚಿನ ಕಟಕಟೆಯಿಂದ ಅರಚಿದಳು. “ಆ ತುದೀಲಿ ಏಳನೇ ಮೇಜು. ಗಿರಾಕಿ ಕಾಯ್ತಿದ್ದಾರೆ!” ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮುಖ ಎತ್ತಿದಳು, ಎದುರಿನ ಗೋಡೆಯಲ್ಲಿ ಏಳನೆಯ ಮೇಜನ್ನು ಕಂಡಳು, ಎಡಗಾಲ ಮೇಲೆ ಹೊರಟಳು. ನಾಲ್ಕು ಲೋಟ ಉಳಿದವು. ಐದನೆಯ ದಿನಕ್ಕೆ ಎಂಟೂ ಉಳಿದವು. ಏಳನೆಯ ದಿನ ಟ್ರೇ ಇಲ್ಲದೆ, ಬರಿಗೈಯನ್ನೇ ಟ್ರೇ ಹಿಡಿದ ಹಾಗೆ ಹಿಡಿದು ಹೋದಳು, ಮಂಡಿ ಮಡಚಲಿಲ್ಲ. ಹಳೆಯ ಜಾಗದ ಮಾತು ಇಬ್ಬರೂ ಮತ್ತೆ ಎತ್ತಲಿಲ್ಲ.

ಪರೀಕ್ಷೆಯ ದಿನ ಮೂವರು ಪರೀಕ್ಷಕರು ಕಂಬಳಿ ಹೊದ್ದು ಮೇಜಿನ ಹಿಂದೆ ಕೂತಿದ್ದರು. ಅಕ್ಕ ಗ್ಯಾಲರಿಗೆ ಹೋಗಲಿಲ್ಲ, ತನ್ನ ಕಿಟಕಿಯಲ್ಲೇ ನಿಂತಳು. ಗಂಡ ಪಕ್ಕದಲ್ಲಿ. ಅತ್ತೆ ಬೇರೆಲ್ಲವನ್ನೂ ಮಾಡಿ ಮುಗಿಸಿದಳು. ಒಂದು ಕಡೆ ಕೊಂಚ ಎಡವಿದಳು, ಅದು ಲೆಕ್ಕಕ್ಕಿಲ್ಲ ಬಿಡಿ. ಆಮೇಲೆ ಎಡಗಾಲು. ಎಡಗೈ ತಾನಾಗಿ ಅಂಗೈ ಮೇಲಾಗಿ ಎದ್ದಿತು. ಪರೀಕ್ಷಕರಲ್ಲಿ ಒಬ್ಬರು ಅದೇನು ಹೊಸ ಭಂಗಿ ಎಂದು ಕನ್ನಡಕ ಸರಿಮಾಡಿಕೊಂಡರು. ಅತ್ತೆ ಒಳ ಅಂಚಿನ ಮೇಲೆ ವಾಲಿದಳು, ಹೋದಳು, ಹೋಗುತ್ತಲೇ ಇದ್ದಳು, ಅರ್ಧ ಸುತ್ತು ಮುಗಿಸಿ ನಿಂತಳು.

ಅಕ್ಕ ಅತ್ತೆಯನ್ನು ನೋಡಲಿಲ್ಲ, ಐಸನ್ನು ನೋಡಿದಳು. ಐಸಿನ ಮೇಲೆ ಒಂದೇ ಒಂದು ಗೆರೆ, ಎಲ್ಲೂ ಕದಡದೆ, ಎಲ್ಲೂ ಎರಡಾಗದೆ, ಈ ತುದಿಯಿಂದ ಆ ತುದಿಗೆ ಬಳಸಿಕೊಂಡು ಹೋಗಿತ್ತು. “ನೋಡ್ರೀ, ನೋಡ್ರೀ ಆ ಗೆರೇನ” ಎಂದು ಗಂಡನ ತೋಳನ್ನು ಹಿಂಡಿದಳು.

“ನೋಡ್ತಿದ್ದೀನಿ, ತೋಳು ಬಿಡೇ” ಎಂದ ಅವನು. ಅವನ ಕಣ್ಣು ಒದ್ದೆಯಾಗಿತ್ತು.

ಪಾಸು! ಅತ್ತೆ ಐಸಿನಿಂದ ಇಳಿದು ಬರುವಷ್ಟರಲ್ಲಿ ಮಕ್ಕಳೆಲ್ಲ ಮುತ್ತಿಕೊಂಡಿದ್ದರು. ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ನಿಂತು, “ನೋಡಿದ್ರಾ ಅಕ್ಕ, ಹೊಸ ಬ್ಲೇಡು ಹೆಂಗೆ ಕೆಲಸ ಮಾಡ್ತು!” ಎಂದರು. ಆ ಮಾತಿಗೆ ಹೂಂ ಎಂದಿದ್ದರೆ ಸಾಕಿತ್ತು. ಎಲ್ಲರೂ ಅಲ್ಲೇ ಇದ್ದರು, ಅವಳ ಗಿರಾಕಿಗಳೇ ಹತ್ತಾರು ಜನ.

“ಬ್ಲೇಡಲ್ಲ ಮೇಷ್ಟ್ರೇ” ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ಎಂಟು ವರ್ಷದ ಹಿಂದೆ ನಾನು ಇವರ ಎಡಗಾಲಿಗೆ ತಪ್ಪು ಕೂರಿಸಿದ್ದೆ. ಮೂರು ಮಿಲ್ಲಿ. ಮಂಡೀದೂ ತಪ್ಪಲ್ಲ, ವಯಸ್ಸಿಂದೂ ತಪ್ಪಲ್ಲ, ನಂದು. ಅಂಥಾ ಓರೆ ಬ್ಲೇಡಿನ ಮೇಲೆ ಇವರು ಎಂಟು ವರ್ಷ ನಿಂತ್ಕೊಂಡ್ರು. ನೀವೂ ನಾನೂ ಎಂಟು ನಿಮಿಷ ನಿಲ್ತಿದ್ವಾ?”

ಅತ್ತೆ ನಿಂತಲ್ಲೇ ಒಂದು ಇಂಚು ಎತ್ತರವಾದ ಹಾಗೆ ಕಂಡಳು. ಪಾಸು ಎಂದಾಗಲೂ ಅವಳ ಮುಖ ಅಷ್ಟು ಬೆಳಗಿರಲಿಲ್ಲ. ಬಗ್ಗಿ ಎಡ ಮಂಡಿಯನ್ನು ಎರಡು ಸಲ ತಟ್ಟಿದಳು, ಸಿಟ್ಟುಮಾಡಿಕೊಂಡಿದ್ದ ಮಗುವನ್ನು ರಮಿಸುವ ಹಾಗೆ.

ಜನ ಕರಗಿದ ಮೇಲೆ ಕೊನೆಯ ಸ್ಕ್ರೂಗಳ ಕೆಲಸ ಉಳಿದಿತ್ತು. ಬಲಗಾಲಿನದು ಮುಗಿಯಿತು. ಎಡಗಾಲ ಬ್ಲೇಡನ್ನು ಅಕ್ಕ ಒಂದು ಸಲ ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟಳು. “ಎಡ, ಒಳಗೆ ೩” ಹಾಗೆಯೇ ಇತ್ತು, ಕೊಕ್ಕೆಯೂ. ಅದರ ಕೆಳಗೆ ಹೊಸ ತಾರೀಕು ಬರೆದಳು. “ಎಡ, ನೆಟ್ಟಗೆ” ಎಂದು ಬರೆದಳು. ಕೊಕ್ಕೆ ಹಾಕಲು ಹೋದ ಪೆನ್ಸಿಲು ನಿಂತಿತು. ನಾಲಗೆಯ ತುದಿಗೆ ಪೆನ್ಸಿಲು ಮುಟ್ಟಿಸಿ, ಸ್ಕೂಲಿನಲ್ಲಿ ಕಾಪಿ ಬರೆಯುತ್ತಿದ್ದ ಹಾಗೆ ಒಂದೊಂದೇ ಅಕ್ಷರವನ್ನು ದುಂಡಗೆ ತಿದ್ದುತ್ತ, ತನ್ನ ಪೂರ್ತಿ ಹೆಸರು ಬರೆದಳು. ರಿಂಕಿನಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು.

ಗಂಡ ಕತ್ತು ಚಾಚಿ ನೋಡಿದ. “ಅದನ್ನ ಯಾರೇ ಓದ್ತಾರೆ?”

“ಮುಂದಿನ ಸಲ ಬ್ಲೇಡು ಬಿಚ್ಚೋರು ಓದ್ತಾರೆ.”

ಮುಂದಿನ ಸಲ ಎಂದದ್ದು ಬಾಯಿತಪ್ಪಿ ಬಂದಿತ್ತು. ಬೂಟನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಿದ್ದ ಅತ್ತೆಯ ಮುಖವನ್ನು ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. ಅತ್ತೆ ಸ್ಟೂಲಿನ ಮೇಲೆ ಕೂತು, ಸಾಕ್ಸ್ ತೆಗೆದು, ಎರಡೂ ಬರಿಗಾಲನ್ನು ಮುಂದಕ್ಕೆ ಚಾಚಿಕೊಂಡಿದ್ದಳು.

“ಎರಡನೇ ಪರೀಕ್ಷೇಲಿ ಹಾರೋದಿದೆಯಂತೆ ಅಕ್ಕ” ಎಂದಳು. “ಅದಕ್ಕೆ ಇನ್ನೂ ದೊಡ್ಡ ಹಲ್ಲಿನ ಬ್ಲೇಡು ಬೇಕಾಗುತ್ತಾ?”

ಅಕ್ಕ ಬ್ಲೇಡನ್ನು ಹೆಸರಿನ ಮೇಲೆ ಕೂರಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡಳು. “ಮೊದ್ಲು ಹೇಳಿ” ಎಂದಳು, “ಕಾಲಲ್ಲಿ ಎಲ್ಲಾದ್ರೂ ಬೊಬ್ಬೆ ಇದೆಯಾ?”